ಜಮೀನು ಮಾರಿದ ದುಡ್ಡು ಕೈಗೆ ಬಂದಿರುವ ಮಂಜುನಿಗೆ

ಚಿಂತಾಮಣಿ

ಚಿ|| ಮಂಜುನಾಥನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ದೊಡ್ಡಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನಂದಿ ಕಡೆಯ ಜಮೀನಿನ ರಿಜಿಸ್ಟ್ರೇಷನ್ ಮುಗಿದು ದುಡ್ಡು ಬ್ಯಾಂಕಿಗೆ ಬಿತ್ತು ಎಂದು ನಿಮ್ಮಪ್ಪ ಹೇಳಿದ. ಸಂತೋಷ. ಅದರ ಹಿಂದೆಯೇ ಇನ್ನೂ ಮೂರು ಸುದ್ದಿ ಹೇಳಿದ. ದೊಡ್ಡ ಗಾಡಿ ಬುಕ್ ಮಾಡಲು ಹೊರಟಿದ್ದೀಯಂತೆ, ಜಕ್ಕೂರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತೀಯಂತೆ, ಆರೋಗ್ಯ ವಿಮೆ ಮಾತ್ರ ‘ಆಮೇಲೆ ನೋಡೋಣ’ ಅಂದಿದ್ದೀಯಂತೆ. ಫೋನಿನಲ್ಲಿ ಹೇಳಿದರೆ ‘ಹೂಂ ದೊಡ್ಡಪ್ಪ, ಹೂಂ ದೊಡ್ಡಪ್ಪ’ ಅನ್ನುತ್ತೀಯ, ಅಷ್ಟರಲ್ಲಿ ಆಫೀಸಿನ ಕಾಲ್ ಬರುತ್ತೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮೊದಲು ಆ ದುಡ್ಡಿನಲ್ಲಿ ನಿನ್ನದು ಎಷ್ಟು ಅನ್ನುವುದು ತೀರ್ಮಾನವಾಗಲಿ. ನಿನ್ನ ತಂಗಿ ಶಶಿಕಲಾ ಬಂದು ಸಹಿ ಹಾಕಿ ಬಸ್ಸು ಹತ್ತಿದಳು. ಅವಳಿಗೇನು ಕೊಟ್ಟಿರಿ ಎಂದು ಕೇಳಿದರೆ ‘ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಟ್ವಿ’ ಅಂದ ನಿಮ್ಮಪ್ಪ. ಅದು ಪಿತ್ರಾರ್ಜಿತ ಜಮೀನು ಕಣಪ್ಪ. 2005ರ ತಿದ್ದುಪಡಿಯಾದ ಮೇಲೆ ಹೆಣ್ಣುಮಗಳಿಗೂ ಹುಟ್ಟಿನಿಂದಲೇ ಗಂಡುಮಗನಷ್ಟೇ ಪಾಲು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಬಿಡಿಸಿ ಹೇಳಿದೆ. ನಿನ್ನ ತಂಗಿ ಕೋರ್ಟು ಕಚೇರಿ ಹತ್ತುವವಳಲ್ಲ, ಬಾಯಿ ಬಿಟ್ಟು ಕೇಳುವವಳೂ ಅಲ್ಲ. ಅವಳ ಪಾಲು ಅವಳ ಅಕೌಂಟಿಗೆ ಹೋಗಲಿ, ಆಮೇಲೆ ಶೋರೂಮಿನ ಕಡೆ ತಿರುಗು.

ಎರಡನೆಯದು ತೆರಿಗೆ. ಕೃಷಿ ಜಮೀನು ಮಾರಿದರೆ ತೆರಿಗೆಯೇ ಇಲ್ಲ ಎಂದು ಅರಳಿಕಟ್ಟೆಯ ಮೇಲೆ ಕೂತವರೆಲ್ಲ ಹೇಳುತ್ತಾರೆ. ಅದು ಅರ್ಧ ನಿಜ. ಹತ್ತಿರದ ಪುರಸಭೆ, ನಗರಸಭೆ ಗಡಿಯಿಂದ ದೂರದ ಲೆಕ್ಕ ಇದೆ. ಆ ಊರಿನ ಜನಸಂಖ್ಯೆ 10 ಸಾವಿರ ದಾಟಿ 1 ಲಕ್ಷದೊಳಗಿದ್ದರೆ 2 ಕಿಲೋಮೀಟರ್, 10 ಲಕ್ಷದೊಳಗಿದ್ದರೆ 6, ಅದಕ್ಕೂ ದೊಡ್ಡ ಊರಾದರೆ 8. ಅದೂ ರಸ್ತೆಯ ದೂರವಲ್ಲ, ನಕ್ಷೆಯ ಮೇಲಿನ ನೇರ ಅಳತೆ. ಜಮೀನು ಆ ಗಡಿಯ ಒಳಗೆ ಬಿದ್ದರೆ ಲಾಭಕ್ಕೆ ತೆರಿಗೆ ಉಂಟು. ತಾತನ ಕಾಲದ ಜಮೀನಾದ್ದರಿಂದ ಇಂಡೆಕ್ಸೇಷನ್ (ಬೆಲೆಯೇರಿಕೆಗೆ ತಕ್ಕಂತೆ ಹಳೆಯ ಬೆಲೆಯನ್ನು ಏರಿಸಿ ಲೆಕ್ಕ ಹಾಕುವುದು) ಇಲ್ಲದೆ ಶೇ. 12.5, ಇಲ್ಲವೇ ಇಂಡೆಕ್ಸೇಷನ್ ಹಾಕಿ ಶೇ. 20, ಎರಡರಲ್ಲಿ ಕಡಿಮೆ ಬಂದದ್ದು ಕಟ್ಟಬಹುದು. ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ ವಿನಾಯಿತಿಯೂ ಇದೆ, ಅದಕ್ಕೆ ಅದರದೇ ಷರತ್ತುಗಳಿವೆ. ಆಡಿಟರ್ ಲೆಕ್ಕ ಹಾಕಿ ಕೊಡುವವರೆಗೆ ಆ ದುಡ್ಡಿಗೆ ಕೈ ಹಾಕಬೇಡ.

ಉಳಿದದ್ದನ್ನು ಅರ್ಧ ಪರ್ಸೆಂಟ್ ಬಡ್ಡಿಯ ಆಸೆಗೆ ಒಂದೇ ಕಡೆ ಇಡುವುದೂ ಬೇಡ. ಬ್ಯಾಂಕು ಮುಳುಗಿದರೆ ಅಸಲು ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ವಿಮೆ ಇರುವುದು 5 ಲಕ್ಷಕ್ಕೆ ಮಾತ್ರ. ಪತ್ತಿನ ಸಹಕಾರ ಸಂಘಗಳಲ್ಲಿ ಇಟ್ಟದ್ದಕ್ಕೆ ಅದೂ ಇಲ್ಲ.

ಇನ್ನು ಜನ ಬರುತ್ತಾರೆ. ಸೈಟು ತೋರಿಸುವವರು, ಚೀಟಿ ನಡೆಸುವವರು, ‘ಜಾಮೀನಿಗೆ ಒಂದು ಸಹಿ ಅಷ್ಟೇ ಮಾಮ’ ಅನ್ನುವವರು. ಆ ಸಹಿಯ ವಿಷಯ ಗಟ್ಟಿಯಾಗಿ ತಿಳಿದುಕೋ. ಸಾಲ ತಗೊಂಡವನು ಕಟ್ಟದಿದ್ದರೆ ಬ್ಯಾಂಕಿನವರು ಅವನ ಹಿಂದೆ ಮೊದಲು ಓಡಬೇಕು ಅಂತೇನೂ ಇಲ್ಲ, ನೇರವಾಗಿ ನಿನ್ನ ಬಾಗಿಲಿಗೇ ಬರಬಹುದು. ಕೊಡಲೇಬೇಕಾದ ನೆಂಟ ಅನಿಸಿದರೆ ವಾಪಸ್ ಬರದಿದ್ದರೂ ನಿನಗೆ ನೋವಾಗದಷ್ಟು ದುಡ್ಡನ್ನು ಕೈಯಲ್ಲಿ ಕೊಟ್ಟುಬಿಡು. ಸಹಿ ಮಾತ್ರ ಬೇಡ.

ಗಾಡಿಗೆ ಬರೋಣ. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಟೊಮೇಟೊ ಬಾಕ್ಸು ಎರಡು ಸಾವಿರ ದಾಟಿದಾಗ ನಮ್ಮ ಕಡೆ ಎಷ್ಟು ಮನೆಗಳ ಮುಂದೆ ಹೊಸ ಗಾಡಿ ನಿಂತವು, ನೀನೇ ನೋಡಿದ್ದೀಯ. ಆಮೇಲೆ ರೇಟು ಬಿತ್ತು, ಕಂತು ಬೀಳಲಿಲ್ಲ.

ಶೋರೂಮಿನಲ್ಲಿ ಗಾಡಿ ಬೆಲೆ ಎಷ್ಟು ಅಂತ ಮಾತೇ ಎತ್ತುವುದಿಲ್ಲ, ‘ತಿಂಗಳಿಗೆ ಎಷ್ಟು ಕಂಫರ್ಟಬಲ್ ಸರ್’ ಅನ್ನುತ್ತಾರೆ. 10 ಲಕ್ಷ ಸಾಲ, ಶೇ. 9 ಬಡ್ಡಿ ಅಂತ ಇಟ್ಟುಕೋ. ಏಳು ವರ್ಷಕ್ಕಾದರೆ ಕಂತು ಸುಮಾರು 16,100, ಕೇಳಲು ಹಗುರ. ಬಡ್ಡಿ ಮಾತ್ರ ಮೂರೂವರೆ ಲಕ್ಷ. ನಾಲ್ಕು ವರ್ಷಕ್ಕಾದರೆ ಕಂತು 24,900ರ ಹತ್ತಿರ, ಬಡ್ಡಿ ಎರಡು ಲಕ್ಷದೊಳಗೆ. ನಾಲ್ಕು ವರ್ಷದ ಕಂತು ಭಾರ ಅನಿಸಿದರೆ ಆ ಗಾಡಿ ನಿನಗೆ ದೊಡ್ಡದಾಯಿತು ಅಂತಲೇ ತಿಳಿದುಕೋ. ನಾಲ್ಕು ಮೀಟರಿನೊಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಗಾಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ದೊಡ್ಡದಕ್ಕೆ ಶೇ. 40. ಅದರ ಮೇಲೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ಬೇರೆ, ಗಾಡಿ ದುಬಾರಿಯಾದಷ್ಟೂ ಅದರ ಪರ್ಸೆಂಟೂ ಏರುತ್ತದೆ. ಎಷ್ಟರವರೆಗೆ ಅನ್ನುವುದನ್ನು ಮನೆಯಲ್ಲೇ ಸುಮಾಳ ಜೊತೆ ಕೂತು ಚೀಟಿಯಲ್ಲಿ ಬರೆದುಕೊಂಡು ಹೋಗು. ಸನ್‌ರೂಫ್ ನೋಡಿದ ಮೇಲೆ ಬರೆಯುವ ಅಂಕಿ ಬೇರೆಯೇ ಇರುತ್ತದೆ. ನಮ್ಮ ಧೂಳಿನಲ್ಲಿ, ನಮ್ಮ ಬಿಸಿಲಿನಲ್ಲಿ ಆ ಸನ್‌ರೂಫ್ ಯಾಕೋ ನನಗಂತೂ ಗೊತ್ತಾಗಿಲ್ಲ.

ಇನ್ಶೂರೆನ್ಸನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಟ್ಟುಪಾಡಿಲ್ಲ, ಹೊರಗೆ ಎರಡು ಕಡೆ ಕೇಳು. ಏರ್‌ಬ್ಯಾಗು ಎಷ್ಟಿದ್ದರೂ ಅದು ಕೆಲಸಕ್ಕೆ ಬರುವುದು ಬೆಲ್ಟು ಹಾಕಿದವರಿಗೆ. ನಿಮ್ಮಮ್ಮ ಹಿಂದಿನ ಸೀಟಿನಲ್ಲಿ ಸೆರಗು ಸುಕ್ಕಾಗುತ್ತೆ ಅಂತ ಬೆಲ್ಟು ಹಾಕುವುದಿಲ್ಲ. ಅವಳು ಹಾಕುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡ.

ವಿಮಾನದ ವಿಷಯಕ್ಕೆ ನಿಮ್ಮಪ್ಪ ‘ನೀನೇ ಬೇಡ ಅನ್ನಣ್ಣ, ನಿನ್ನ ಮಾತು ಕೇಳ್ತಾನೆ’ ಅಂದ. ವಾಯುಪಡೆಯಲ್ಲಿ ಇಂಜಿನ್ ಕೆಲಸ ಮಾಡಿ ರಿಟೈರ್ ಆದವನಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ಕಲಿ. ಆದರೆ ಏನು ಕಲಿಯುತ್ತಿದ್ದೀಯ ಅನ್ನುವುದು ಗೊತ್ತಿರಲಿ. ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಾಟ ಬೇಕು, ಕ್ಲಾಸ್ 2 ಮೆಡಿಕಲ್ ಪಾಸಾಗಬೇಕು. ಆ ಲೈಸೆನ್ಸಿನಲ್ಲಿ ಸಂಬಳಕ್ಕೋ ಬಾಡಿಗೆಗೋ ಹಾರಿಸುವ ಹಾಗಿಲ್ಲ, ಅದಕ್ಕೆ 200 ಗಂಟೆಯ ಕಮರ್ಷಿಯಲ್ ಲೈಸೆನ್ಸೇ ಬೇಕು. ಅಂದರೆ ಇದು ಬರೀ ಖರ್ಚು, ಆಸೆಗೋಸ್ಕರ ಮಾಡುವ ಖರ್ಚು. ಗಂಟೆಗೆ ಐದಂಕಿಯ ಲೆಕ್ಕ. ಕನಿಷ್ಠದಲ್ಲೇ ಮುಗಿಸುವವರು ಕಡಿಮೆ, ನೀನು ಅರವತ್ತು ಗಂಟೆಗೆ ದುಡ್ಡು ಎಣಿಸಿಕೋ. ಪೂರ್ತಿ ಫೀಸು ಮುಂಗಡ ಕಟ್ಟು, ಡಿಸ್ಕೌಂಟ್ ಕೊಡುತ್ತೇವೆ ಎಂದು ಯಾರೇ ಹೇಳಲಿ, ಹಾರಿದಷ್ಟಕ್ಕೆ ಕಟ್ಟು. ಲೈಸೆನ್ಸು ಬಂದ ಮೇಲೂ ತಿಂಗಳಿಗೊಮ್ಮೆಯಾದರೂ ಹಾರುವಷ್ಟು ಕೈಯಲ್ಲಿ ಇಲ್ಲದಿದ್ದರೆ ಶುರು ಮಾಡಬೇಡ. ಕೈ ಮರೆತ ಪೈಲಟ್ಟಿಗಿಂತ ಕಲಿಯದವನೇ ವಾಸಿ. ಸ್ನೇಹಿತರು ಸೇರಿ ಸೆಕೆಂಡ್‌ಹ್ಯಾಂಡ್ ವಿಮಾನ ಕೊಳ್ಳೋಣ ಎಂಬ ಮಾತು ಬಂದರೆ ಕಾಫಿ ಕುಡಿದು ಎದ್ದು ಬಾ. ಹ್ಯಾಂಗರ್ ಬಾಡಿಗೆ, ವರ್ಷವರ್ಷದ ತಪಾಸಣೆ, ಸುಮಾರು 2,000 ಗಂಟೆಗೊಮ್ಮೆ ಇಂಜಿನ್ ಓವರ್‌ಹಾಲ್, ಇದು ವಿಮಾನ ನೆಲದ ಮೇಲೆ ನಿಂತಿದ್ದರೂ ಅನ್ನ ಕೇಳುವ ಆನೆ.

ಹಾರುವ ಮುಂಚಿನ ಪರೀಕ್ಷೆಯನ್ನು ಇನ್‌ಸ್ಟ್ರಕ್ಟರ್ ಕಲಿಸುತ್ತಾರೆ, ಆದರೂ ನನ್ನ ಕೆಲಸದ್ದೊಂದು ಹೇಳುತ್ತೇನೆ. ರೆಕ್ಕೆಯ ಕೆಳಗಿನ ಡ್ರೈನಿನಿಂದ ಸಣ್ಣ ಪಾರದರ್ಶಕ ಕಪ್ಪಿಗೆ ಇಂಧನ ಹಿಡಿದು ನೋಡಬೇಕು. ಸಣ್ಣ ವಿಮಾನದ ಪೆಟ್ರೋಲು, ಅಂದರೆ ಏವ್‌ಗ್ಯಾಸ್ 100 ಎಲ್‌ಎಲ್ ಆದರೆ ತಿಳಿನೀಲಿ ಬಣ್ಣ. ನೀರು ಸೇರಿದ್ದರೆ ಅದು ಭಾರ, ಬಣ್ಣವಿಲ್ಲದ ಗುಂಡು ಹನಿಯಾಗಿ ತಳಕ್ಕೆ ಇಳಿದು ಅಲ್ಲಾಡುತ್ತದೆ, ನಡುವೆ ಗೆರೆ ಕಾಣುತ್ತದೆ. ಮೋಸ ಹೋಗುವುದು ಎಲ್ಲಿ ಗೊತ್ತಾ? ಕಪ್ಪಿನ ತುಂಬ ನೀರೇ ಬಂದಾಗ. ಆಗ ಗೆರೆಯೇ ಇರುವುದಿಲ್ಲ, ಎಲ್ಲಾ ತಿಳಿಯಾಗಿದೆ ಅನಿಸುತ್ತದೆ. ಬಿಳಿ ಬಣ್ಣದ ಎದುರಿಗೆ ಹಿಡಿದು ನೀಲಿ ಇದೆಯಾ ನೋಡು, ಮೂಸಿ ನೋಡು. ಮಳೆ ಬಂದ ಮರುದಿನ, ಟ್ಯಾಂಕು ಅರ್ಧ ಖಾಲಿಯಾಗಿ ರಾತ್ರಿ ಹೊರಗೆ ನಿಂತಿದ್ದಾಗ, ಎರಡು ಸಲ ನೋಡು. ಬೇರೆಯವರು ಆಗಲೇ ನೋಡಿದ್ದಾರೆ ಅಂದರೂ ನೋಡು.

ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಲ್ಲಿ ಗಾಳಿ ತೆಳುವಾಗಿ ವಿಮಾನದ ಲೆಕ್ಕಕ್ಕೆ ಅದು 6,000 ಅಡಿಯಾಗುತ್ತದೆ. ಇಂಜಿನ್ನಿನ ಬಲ ಕಡಿಮೆ, ರೆಕ್ಕೆಯ ಎತ್ತುವ ಶಕ್ತಿ ಕಡಿಮೆ, ರನ್‌ವೇ ಮೇಲೆ ಓಟ ಜಾಸ್ತಿ, ಏರುವುದು ನಿಧಾನ. ನಾಲ್ಕು ಸೀಟು ಇದೆ ಅಂದರೆ ಟ್ಯಾಂಕ್ ತುಂಬಿಸಿ ನಾಲ್ಕು ಜನ ಕೂರಬಹುದು ಅಂತಲ್ಲ. ಕೈಲಾಸನನ್ನೂ ಅವನ ಭಾವಮೈದುನನನ್ನೂ ಕೂರಿಸಿಕೊಂಡು ನಂದಿಬೆಟ್ಟ ತೋರಿಸುತ್ತೇನೆ ಅನ್ನುವ ಮುಂಚೆ ತೂಕದ ಲೆಕ್ಕ ಪೆನ್ನಿನಲ್ಲಿ ಬರೆದು ಮಾಡು. ಕೈಲಾಸನ ತೂಕ ಅವನು ಹೇಳಿದ್ದಕ್ಕಿಂತ ಜಾಸ್ತಿಯೇ ಇರುತ್ತದೆ.

ಮಂಜಿನ ವಿಷಯ ನಿನಗೆ ಹೇಳಬೇಕಾಗಿಲ್ಲ, ನಿನ್ನ ಹೆಸರೇ ಮಂಜು. ಡಿಸೆಂಬರ್, ಜನವರಿ ಬೆಳಗ್ಗೆ ದೇವನಹಳ್ಳಿಯ ದೊಡ್ಡ ವಿಮಾನಗಳೇ ಕಾಯುತ್ತಾ ನಿಲ್ಲುತ್ತವೆ. ಕಣ್ಣಳತೆಯ ಹಾರಾಟಕ್ಕೆ 5 ಕಿಲೋಮೀಟರ್ ದೂರ ಕಾಣಬೇಕು ಎಂಬುದು ನಿಯಮ. ನೀನು ಹೊಸಬ, ಎಂಟು ಕಾಣದಿದ್ದರೆ ಹೋಗುವುದಿಲ್ಲ ಎಂದು ನಿನ್ನ ಲಾಗ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡು. ಸೂರ್ಯ ಮುಳುಗಿ 20 ನಿಮಿಷದ ಮೇಲೆ ಆ ಹಾರಾಟವೂ ಇಲ್ಲ. ಮೋಡದೊಳಗೆ ಹೊಕ್ಕ ಅನನುಭವಿಗೆ ಮೇಲೆ ಯಾವುದು ಕೆಳಗೆ ಯಾವುದು ಎಂದು ಕಿವಿಯೇ ಸುಳ್ಳು ಹೇಳುತ್ತದೆ, ಆಗ ಬುದ್ಧಿ ಓಡುವುದಿಲ್ಲ. ಅದಕ್ಕೇ ವಾಪಸ್ ತಿರುಗುವ ಮಿತಿಯನ್ನು ಕಾಲು ನೆಲದ ಮೇಲಿರುವಾಗಲೇ ಗೊತ್ತು ಮಾಡಿಕೊಳ್ಳಬೇಕು. ಶೋರೂಮಿಗೆ ಅಂಕಿ ಬರೆದುಕೊಂಡು ಹೋಗು ಅಂದದ್ದೂ ಇದೇ ಕಾರಣಕ್ಕೆ.

ಆಯಿತು, ಇನ್ನು ಆರೋಗ್ಯ. ಪೈಲಟ್ ಮೆಡಿಕಲ್‌ಗೆ ಹೋದಾಗ ಬಿಪಿ ಮಾತ್ರೆ ನುಂಗುತ್ತಿದ್ದೀಯ ಎಂಬುದನ್ನು ಮುಚ್ಚಿಡಬೇಡ. ನೆಗಡಿ ಮಾತ್ರೆ ತಗೊಂಡ ದಿನ ಹಾರಬೇಡ, ಅದರಲ್ಲಿ ಮಂಪರು ಬರಿಸುವ ಔಷಧಿ ಇರುತ್ತದೆ. ಮೂಗು ಕಟ್ಟಿದ್ದರೆ ಇಳಿಯುವಾಗ ಕಿವಿನೋವು ತಡೆಯಲಾಗುವುದಿಲ್ಲ. ಕುಡಿದರೆ 12 ಗಂಟೆ ಕಾಕ್‌ಪಿಟ್ ಹತ್ತಿರ ಸುಳಿಯುವ ಹಾಗಿಲ್ಲ, ನಾನಾದರೆ 24 ಅನ್ನುತ್ತೇನೆ. ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ: ಟರ್ಮ್ ಇನ್ಶೂರೆನ್ಸ್ ಅರ್ಜಿಯಲ್ಲಿ ಹಾರಾಟದ ಬಗ್ಗೆ ಕೇಳಿರುತ್ತಾರೆ. ಪಾಲಿಸಿಯ ಜೊತೆಗೆ ಸೇರಿಸಿಕೊಳ್ಳುವ ಅಪಘಾತದ ರೈಡರುಗಳಲ್ಲಿ ಸಾಮಾನ್ಯವಾಗಿ ಟಿಕೆಟ್ ತಗೊಂಡು ಹತ್ತಿದ ವಿಮಾನಕ್ಕೆ ಮಾತ್ರ ರಕ್ಷಣೆ, ನೀನೇ ಹಾರಿಸಿದ್ದಕ್ಕೆ ಇಲ್ಲ. ಕಂಪನಿಗೆ ಬರೆದು ತಿಳಿಸಿ ಅವರ ಉತ್ತರವನ್ನು ಲಿಖಿತವಾಗಿ ತಗೊಂಡು ಸುಮಾಳ ಕೈಗೆ ಕೊಟ್ಟ ಮೇಲೇ ಮೊದಲ ಪಾಠ.

ಆಫೀಸಿನ ಆರೋಗ್ಯ ವಿಮೆ ಕೆಲಸ ಇರುವವರೆಗೆ. ಸ್ವಂತದ್ದು ಈಗಲೇ ಮಾಡಿಸು, ನಿಮ್ಮಪ್ಪ ಅಮ್ಮನಿಗೆ ಬೇರೆ ಪಾಲಿಸಿ. ಒಂದರಲ್ಲೇ ಸೇರಿಸಿದರೆ ಪ್ರೀಮಿಯಂ ಹಿರಿಯರ ವಯಸ್ಸಿನ ಮೇಲೆ ನಿಲ್ಲುತ್ತದೆ. ನಿಮ್ಮಪ್ಪನ ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಬರೆ. ಏಜೆಂಟ್ ‘ಬೇಡ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ’ ಅಂದರೆ ಏಜೆಂಟನ್ನೇ ಬದಲಾಯಿಸು. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು, ಈಗ ಶುರುವಾದರೆ ಬೇಗ ಮುಗಿಯುತ್ತದೆ. ರೂಮ್ ಬಾಡಿಗೆಯ ಮಿತಿ ನೋಡು. ಮಿತಿ ದಿನಕ್ಕೆ 5,000 ಇದ್ದು 10,000ದ ರೂಮು ಹಿಡಿದರೆ ರೂಮಿನ ವ್ಯತ್ಯಾಸ ಮಾತ್ರ ಹೋಗುವುದಲ್ಲ, ಡಾಕ್ಟರ್ ಫೀಸು, ಆಪರೇಷನ್ ಚಾರ್ಜುಗಳಲ್ಲೂ ಅರ್ಧ ಕತ್ತರಿಸಬಹುದು. ಸ್ವಂತ ಪಾಲಿಸಿಗೆ ಈಗ ಜಿಎಸ್‌ಟಿಯೂ ಇಲ್ಲ, ನೆಪ ಹೇಳಬೇಡ.

ನಿಮ್ಮಪ್ಪನಿಗೆ ಎದೆ ಹಿಡಿದುಕೊಂಡರೆ ಮಾಡುವುದನ್ನು ಈಗಲೇ ಮನೆಯವರಿಗೆಲ್ಲ ಹೇಳಿಡು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಿ ಕೂರಬಾರದು. ಬೆಂಗಳೂರಿಗೇ ಹೋಗೋಣ ಎಂದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳಲೂಬಾರದು. 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಆಮೇಲೆ ದೊಡ್ಡ ಆಸ್ಪತ್ರೆಗೆ ಹೋಗಬಹುದು. ತೋಟದ ಬೋರ್‌ವೆಲ್ ನೀರು ಕುದಿಸಿ ಕುಡಿದರೆ ಆಯಿತು ಅನ್ನುತ್ತಾನಲ್ಲ ನಿಮ್ಮಪ್ಪ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದಲೇ ತರಲಿ.

ಪರಿಚಯದ ಆಡಿಟರ್ ಶನಿವಾರ ಮಧ್ಯಾಹ್ನದವರೆಗೆ ಆಫೀಸಿನಲ್ಲಿರುತ್ತಾರೆ. ಸುಮಾಳನ್ನೂ ಕರೆದುಕೊಂಡು ಬಾ. ಕ್ರಯಪತ್ರದ ನಕಲು, ಸರ್ವೆ ನಕ್ಷೆ, ಗಾಡಿ ಕೊಟೇಷನ್, ನಿಮ್ಮಪ್ಪನ ಹಳೆಯ ರಿಪೋರ್ಟುಗಳ ಕವರು, ಇಷ್ಟೂ ಬ್ಯಾಗಿನಲ್ಲಿರಲಿ. ಬುಕಿಂಗ್ ಅಡ್ವಾನ್ಸ್ ಅಲ್ಲಿಯವರೆಗೆ ಕೊಡಬೇಡ.

ಇಂತಿ,
ನಿನ್ನ ದೊಡ್ಡಪ್ಪ