ಕೆಂಪ್ಸಿ ಸೇತುವೆಗೆ ಸ್ಲಿಮ್ ಡಸ್ಟಿ ಹೆಸರಿದ್ದಿದ್ರೆ

ಎಲ್ಲರಿಗೂ ನಮಸ್ಕಾರ. ಈ ಸಲದ ಸಂಪಾದಕೀಯ ಹಬ್ಬದ ಬಗ್ಗೆ ಅಲ್ಲ, ಸಂಘದ ಮೆಂಬರ್‌ಶಿಪ್ ರಿನ್ಯೂ ಮಾಡ್ಸಿ ಅನ್ನೋದರ ಬಗ್ಗೆನೂ ಅಲ್ಲ (ಆದ್ರೂ ದಯವಿಟ್ಟು ಮಾಡ್ಸಿ), ಒಂದು ಸೇತುವೆ ಬಗ್ಗೆ. ಸಿಡ್ನಿಯಿಂದ ಬ್ರಿಸ್ಬೇನ್ ಕಡೆ ಪೆಸಿಫಿಕ್ ಹೈವೇಲಿ ಹೋದೋರೆಲ್ಲ ಅದರ ಮೇಲೆ ಹಾದು ಹೋಗಿರ್ತೀರ, ಆದ್ರೆ ಅದರ ಹೆಸರು ಹೇಳಿ ಅಂದ್ರೆ ಹತ್ತರಲ್ಲಿ ಒಂಬತ್ತು ಜನ ತಲೆ ಕೆರ್ಕೋತೀರ. ಸಿಡ್ನಿಯಿಂದ 400 ಚಿಲ್ಲರೆ ಕಿ.ಮೀ. ಆದ್ಮೇಲೆ ಕೆಂಪ್ಸಿ ಹತ್ರ ಬರುತ್ತಲ್ಲ, ಎಷ್ಟು ಹೋದ್ರೂ ಮುಗಿಯದ ಸೇತುವೆ, ಕೆಳಗೆ ನದಿ ಕಾಣೋದು ಒಂಚೂರು, ಉಳಿದದ್ದೆಲ್ಲ ದನ ಮೇಯೋ ಹಸಿರು ಬಯಲು, ಅದೇ. ಮ್ಯಾಕ್ಲೇ ವ್ಯಾಲಿ ಬ್ರಿಡ್ಜ್ ಅಂತ ಹೆಸರು. ಉದ್ದ 3.2 ಕಿ.ಮೀ., 2013ರ ಮಾರ್ಚ್ 27ಕ್ಕೆ ಓಪನ್ ಆಯ್ತು, ಆಗ ಇಡೀ ಆಸ್ಟ್ರೇಲಿಯಾದಲ್ಲೇ ಅತಿ ಉದ್ದದ ರಸ್ತೆ ಸೇತುವೆ ಅದು.

ನನ್ನ ತಕರಾರು ಏನಪ್ಪ ಅಂದ್ರೆ, ಆ ಹೆಸರಲ್ಲಿ ತಪ್ಪೇನೂ ಇಲ್ಲ, ಅದೇ ಅದರ ತೊಂದರೆ. ಕಣಿವೆ ಮೇಲೆ ಸೇತುವೆ ಇದೆ, ಕಣಿವೆ ಹೆಸರು ಇಟ್ರು, ಫೈಲ್ ಕ್ಲೋಸ್, ಯಾರಿಗೂ ಬೇಜಾರಿಲ್ಲ. ಅಲ್ಲೇ ಹುಟ್ಟಿದ, ಈ ದೇಶದ ರೋಡುಗಳ ಮೇಲೆ ಐವತ್ತು ವರ್ಷ ಓಡಾಡಿ ಹಾಡಿದ ಒಬ್ಬ ಮನುಷ್ಯ ಇದ್ದಾಗ ಹಾಗ್ಯಾಕೆ ಮಾಡಿದ್ರು ಅನ್ನೋದು ನನ್ನ ಪ್ರಶ್ನೆ. ಸ್ಲಿಮ್ ಡಸ್ಟಿ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ನಂಗೊತ್ತಿಲ್ಲ, ಕಂಟ್ರಿ ಮ್ಯೂಸಿಕ್ ಅಂದ ಕೂಡ್ಲೇ ನಮ್ಮೋರು ಅಮೆರಿಕದ ಹ್ಯಾಟು, ಬೂಟು ನೆನೆಸ್ಕೋತಾರೆ. ಹಾಗಾಗಿ ಸ್ವಲ್ಪ ಹೇಳ್ತೀನಿ, ಗೊತ್ತಿರೋರು ಮೂರು ಪ್ಯಾರಾ ಬಿಟ್ಟು ಓದಿ.

ಅವರ ನಿಜವಾದ ಹೆಸರು ಡೇವಿಡ್ ಗಾರ್ಡನ್ ಕರ್ಕ್‌ಪ್ಯಾಟ್ರಿಕ್. ಹುಟ್ಟಿದ್ದು 1927ರ ಜೂನ್ 13, ಕೆಂಪ್ಸಿಯಲ್ಲಿ. ಬೆಳೆದದ್ದು ಅಲ್ಲೇ ಒಳಗಡೆ ನಲ್ಲಾ ನಲ್ಲಾ ಕ್ರೀಕ್ ಅನ್ನೋ ಜಾಗದಲ್ಲಿ, ಅಪ್ಪಂದು ಹಾಲಿನ ಹಸುಗಳ ಫಾರ್ಮ್. ಹತ್ತನೇ ವಯಸ್ಸಿಗೇ ಮೊದಲ ಹಾಡು ಬರೆದ್ರು, ಹನ್ನೊಂದಕ್ಕೆ ತನಗೆ ತಾನೇ ಸ್ಲಿಮ್ ಡಸ್ಟಿ ಅಂತ ಹೆಸರಿಟ್ಕೊಂಡ್ರು. ಹನ್ನೊಂದು ವರ್ಷದ ಹುಡುಗ ಹಾಲು ಕರೆಯೋ ಕೊಟ್ಟಿಗೇಲಿ ಕೂತು ನಾನು ಇನ್ಮೇಲೆ ಸ್ಲಿಮ್ ಡಸ್ಟಿ ಅಂದ್ರೆ ಮನೆಯವರು ಏನಂದಿರಬೇಕು ಯೋಚ್ನೆ ಮಾಡಿ! ನಮ್ಮನೇಲಾಗಿದ್ರೆ ಮೊದಲು ಮಗ್ಗಿ ಹೇಳು ಅಂತಿದ್ರು. 1951ರಲ್ಲಿ ಜಾಯ್ ಮೆಕೀನ್ ಅವರನ್ನ ಮದುವೆ ಆದ್ರು. ಜಾಯ್ ಅಷ್ಟೊತ್ತಿಗಾಗ್ಲೇ ತಂಗಿ ಹೆದರ್ ಜೊತೆ ಸಿಡ್ನಿ ರೇಡಿಯೋದಲ್ಲಿ ಹಾಡ್ತಿದ್ದ ಹೆಸರಾದ ಗಾಯಕಿ, ಚಿಕ್ಕಂದಿನಲ್ಲಿ ಪೋಲಿಯೋ ಬಂದು ಕಾಲಿಗೆ ಕ್ಯಾಲಿಪರ್ ಹಾಕ್ಕೊಂಡು ಬೆಳೆದವರು. ಅವರ ವಿಷಯಕ್ಕೆ ಮತ್ತೆ ಬರ್ತೀನಿ, ಬರಲೇಬೇಕು.

1954ರಿಂದ ಇಬ್ಬರೂ ಇದ್ದ ಕೆಲಸ ಎಲ್ಲ ಬಿಟ್ಟು ಫುಲ್ ಟೈಮ್ ಊರೂರು ಸುತ್ತೋಕೆ ಶುರು ಮಾಡಿದ್ರು. ನಮ್ಮ ಕಂಪನಿ ನಾಟಕದವರು ಪರದೆ, ಪೆಟ್ಟಿಗೆ, ಮಕ್ಕಳುಮರಿ ಎಲ್ಲ ಕಟ್ಕೊಂಡು ಒಂದೂರಲ್ಲಿ ಕ್ಯಾಂಪ್ ಮುಗಿಸಿ ಇನ್ನೊಂದೂರಿಗೆ ಹೋಗ್ತಿದ್ರಲ್ಲ, ಹಂಗೇನೇ, ಕಾರಿನ ಹಿಂದೆ ಕ್ಯಾರವಾನ್ ಕಟ್ಕೊಂಡು, ಸಿಕ್ಕಿದ ಊರಿನ ಹಾಲ್, ಶೋಗ್ರೌಂಡ್, ಎಲ್ಲಿ ಜಾಗ ಕೊಟ್ರೆ ಅಲ್ಲಿ. 1964ರಿಂದ ಮುಂದೆ ಇಡೀ ದೇಶ ಒಂದು ಸುತ್ತು ಹಾಕೋ ಟೂರು, ಹತ್ತು ತಿಂಗಳು, 48,000 ಕಿ.ಮೀ. ಆಗಿನ ರೋಡು ಅಂದ್ರೆ ಅರ್ಧಕ್ಕರ್ಧ ಮಣ್ಣು, ಧೂಳು. ದೊಡ್ಡ ಸಿಟಿಗಳ ರೇಡಿಯೋದೋರು ಇವರ ಹಾಡನ್ನ ಅಷ್ಟಾಗಿ ಮುಟ್ಟುತ್ತಿರಲಿಲ್ಲ, ಆದ್ರೂ ಆಸ್ಟ್ರೇಲಿಯಾ ಒಂದರಲ್ಲೇ 70 ಲಕ್ಷಕ್ಕೂ ಮೇಲೆ ರೆಕಾರ್ಡು ಮಾರಾಟ ಆದವು. ಹೆಂಗೆ ಅಂದ್ರೆ ಹಿಂಗೆ, ಜನರ ಮನೆ ಬಾಗಿಲಿಗೆ ಹೋಗಿ ಹಾಡಿ. ಮೂಲನಿವಾಸಿಗಳ ಊರುಗಳಿಗೂ, ಯಾರೂ ಹೋಗದ ಸ್ಟೇಷನ್‌ಗಳಿಗೂ (ಅಂದ್ರೆ ದೊಡ್ಡ ದೊಡ್ಡ ದನದ ಫಾರ್ಮ್‌ಗಳಿಗೂ) ಹೋಗ್ತಿದ್ರು, ಇವತ್ತಿಗೂ ಅಲ್ಲಿಯ ಹಿರಿಯರಿಗೆ ಸ್ಲಿಮ್ ಅಂದ್ರೆ ಪ್ರಾಣ.

1957ರಲ್ಲಿ ಬಂತು ನೋಡಿ ಎ ಪಬ್ ವಿತ್ ನೋ ಬಿಯರ್. ಗಾರ್ಡನ್ ಪಾರ್ಸನ್ಸ್ ಬರೆದ ಹಾಡು, ಅದಕ್ಕೂ ಹಿಂದೆ ಡ್ಯಾನ್ ಶೀಹನ್ ಅನ್ನೋರ ಒಂದು ಪದ್ಯ ಇತ್ತು, ಕ್ವೀನ್ಸ್‌ಲ್ಯಾಂಡಿನ ಇಂಗಮ್ ಊರಲ್ಲಿ ಯುದ್ಧದ ಟೈಮಲ್ಲಿ ಅಮೆರಿಕನ್ ಸೈನಿಕರು ಪಬ್ಬಿನ ಬಿಯರ್ ಪೂರ್ತಿ ಖಾಲಿ ಮಾಡಿ ಹೋದ ಕತೆ. ಹಾಗಾಗಿ ಆ ಪಬ್ ನಮ್ಮೂರದು ಅಂತ ಇಂಗಮ್‌ನೋರೂ ಹೇಳ್ತಾರೆ, ಕೆಂಪ್ಸಿಯಿಂದ ಸ್ವಲ್ಪ ಮೇಲೆ ಮ್ಯಾಕ್ಸ್‌ವಿಲ್ ಒಳಗಡೆಯ ಟೇಲರ್ಸ್ ಆರ್ಮ್‌ನೋರೂ ಹೇಳ್ತಾರೆ. ಈ ಜಗಳಕ್ಕೆ ನಾನು ಬರಲ್ಲ. ಒಟ್ನಲ್ಲಿ ರೆಕಾರ್ಡಿನ ಹಿಂಬದಿಗೆ ಅಂತ ಹಾಕಿದ ಹಾಡು ಬ್ರಿಟನ್ ಚಾರ್ಟಲ್ಲಿ ಮೂರನೇ ಸ್ಥಾನಕ್ಕೆ ಹೋಯ್ತು, ಆಸ್ಟ್ರೇಲಿಯಾದವರೊಬ್ಬರಿಗೆ ಮೊದಲ ಗೋಲ್ಡ್ ರೆಕಾರ್ಡ್ ತಂದುಕೊಡ್ತು. ಆಮೇಲಿನದು ನಿಮಗೂ ಗೊತ್ತಿರಬಹುದು, 2000ದ ಸಿಡ್ನಿ ಒಲಿಂಪಿಕ್ಸ್ ಮುಕ್ತಾಯದ ರಾತ್ರಿ ಒಂದು ಲಕ್ಷಕ್ಕೂ ಹೆಚ್ಚು ಜನದ ಮುಂದೆ ಗಿಟಾರ್ ಹಿಡ್ಕೊಂಡು ವಾಲ್ಟ್ಜಿಂಗ್ ಮಟಿಲ್ಡಾ ಹಾಡಿದ, ಹ್ಯಾಟ್ ಹಾಕಿದ ಅಜ್ಜ, ಅವರೇ. 2003ರ ಸೆಪ್ಟೆಂಬರ್ 19ಕ್ಕೆ ಸಿಡ್ನಿಯ ಸೇಂಟ್ ಐವ್ಸ್ ಮನೇಲಿ ತೀರಿಕೊಂಡ್ರು, ಆಗಲೂ 106ನೇ ಆಲ್ಬಮ್ ಕೆಲಸ ನಡೀತಿತ್ತು. ಸೇಂಟ್ ಆಂಡ್ರ್ಯೂಸ್ ಕ್ಯಾಥೆಡ್ರಲ್‌ನಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆ, ಪ್ರಧಾನಿ ಜಾನ್ ಹೋವರ್ಡ್ ಬಂದಿದ್ರು, ಬಂದ ಜನ ಎಲ್ಲ ಸೇರಿ ಅದೇ ಬಿಯರ್ ಇಲ್ಲದ ಪಬ್ಬಿನ ಹಾಡು ಹಾಡಿ ಕಳಿಸಿಕೊಟ್ರು.

ಸರಿ, ಅಷ್ಟು ದೊಡ್ಡ ಮನುಷ್ಯ, ಒಂದು ಪ್ರತಿಮೆ ನಿಲ್ಲಿಸಿದ್ರೆ ಸಾಲದಾ, ಸೇತುವೆಗೇ ಯಾಕೆ ಹೆಸರು ಅಂತ ಕೇಳಬಹುದು. ನಮ್ಮ ಸಂಘದ ಕಮಿಟಿಯಲ್ಲೇ ಒಬ್ಬರು ಕೇಳಿದ್ರು. ಅವರಿಗೆ ಆ ಹೈವೇ ಕತೆ ಹೇಳಬೇಕಾಯ್ತು. ಈಗ ನಾವು ಕ್ರೂಸ್ ಕಂಟ್ರೋಲ್ ಹಾಕಿ ಆರಾಮಾಗಿ ಕೋಡುಬಳೆ ತಿಂತಾ ಹೋಗೋ ಪೆಸಿಫಿಕ್ ಹೈವೇ 1989ರಲ್ಲಿ ಬಹುಪಾಲು ಎರಡೇ ಲೇನಿನ ರೋಡು, ನಡುವೆ ಬರೀ ಬಿಳಿ ಗೆರೆ. ಆ ವರ್ಷ ಅಕ್ಟೋಬರ್‌ನಲ್ಲಿ ಗ್ರಾಫ್ಟನ್ ಹತ್ರ ಬಸ್ಸಿಗೆ ಟ್ರಕ್ ಗುದ್ದಿ 21 ಜನ ಹೋದ್ರು. ಎರಡು ತಿಂಗಳು ಆಗಿತ್ತಷ್ಟೇ, ಡಿಸೆಂಬರ್ 22ಕ್ಕೆ, ಕ್ರಿಸ್ಮಸ್‌ಗೆ ಮೂರು ದಿನ ಇರೋವಾಗ, ಕೆಂಪ್ಸಿ ಉತ್ತರಕ್ಕೆ ಕ್ಲೈಬಕ್ಕಾದಲ್ಲಿ ಎರಡು ಬಸ್ಸು ಮುಖಾಮುಖಿ ಹೊಡ್ಕೊಂಡು 35 ಜನ ಸತ್ರು. ರಾತ್ರಿ ಹೊತ್ತು, ರಜಕ್ಕೆ ಹೊರಟ ಜನ. ತನಿಖೆ ಮಾಡಿದ ಕೊರೊನರ್ (ಇಂಥ ಸಾವುಗಳ ವಿಚಾರಣೆ ಮಾಡೋ ಅಧಿಕಾರಿ) ಇದು ಎರಡೂ ಕಡೆ ಬೇರೆ ಬೇರೆ ರೋಡ್ ಆಗಬೇಕು ಅಂತ ಹೇಳಿದ್ರು, ಅಲ್ಲಿಂದ ಶುರುವಾದ ಕೆಲಸ ಉತ್ತರದ ಕೊನೆವರೆಗೂ ಮುಗಿಯೋ ಹೊತ್ತಿಗೆ 2020ರ ಡಿಸೆಂಬರ್. ಕೆಂಪ್ಸಿ ಬೈಪಾಸ್, ಅದರ ಮೇಲಿನ ಈ ಸೇತುವೆ, ಎಲ್ಲ ಅದರದ್ದೇ ಭಾಗ. ಸೇತುವೆ ಅಷ್ಟುದ್ದ ಯಾಕೆ ಅಂದ್ರೆ ಮ್ಯಾಕ್ಲೇ ನದಿಗೆ ಮಳೆಗಾಲದಲ್ಲಿ ದಡ ಅನ್ನೋದೇ ಇರಲ್ಲ, 1949ರ ನೆರೆ ಇವತ್ತಿಗೂ ಆ ಊರಿನ ಬಾಯಲ್ಲಿದೆ, ಮಣ್ಣು ತುಂಬಿ ರೋಡ್ ಎತ್ತರಿಸಿದ್ರೆ ನೀರಿಗೆ ಅಣೆಕಟ್ಟು ಕಟ್ಟಿದಂಗೆ ಆಗ್ತಿತ್ತು, ಹಾಗಾಗಿ ಬಯಲಿಗೆ ಬಯಲೇ ದಾಟೋ ಹಾಗೆ ಕಂಬಗಳ ಮೇಲೆ ಹೊತ್ಕೊಂಡು ಹೋಗಿದ್ದಾರೆ.

ಈಗ ಕೇಳಿ. 1973ರಲ್ಲಿ ಸ್ಲಿಮ್ ಹಾಡಿದ ಲೈಟ್ಸ್ ಆನ್ ದ ಹಿಲ್ ಅಂತ ಒಂದು ಹಾಡಿದೆ. ಮಳೆ, ರಾತ್ರಿ, ಹಿಂದೆ ಭಾರದ ಲೋಡು, ಸ್ಟೀರಿಂಗ್ ಹಿಡಿದ ಒರಟು ಕೈ, ಎದುರಿನ ಗುಡ್ಡದ ಮೇಲಿಂದ ಬರೋ ಗಾಡಿಯ ಲೈಟು ಕಣ್ಣಿಗೆ ಹೊಡೆಯುತ್ತೆ, ಡ್ರೈವರಿಗೆ ರೋಡು ಕಾಣಲ್ಲ, ಕೊನೆಗೆ ಅವನು ಮನೆಗೆ ಹೋಗಲ್ಲ. ಟ್ರಕ್ಕಿನವರ ರಾಷ್ಟ್ರಗೀತೆ ಅಂದ್ರೂ ನಡೆಯುತ್ತೆ, ಕ್ವೀನ್ಸ್‌ಲ್ಯಾಂಡಿನ ಗಾಟನ್‌ನಲ್ಲಿ ರಸ್ತೆ ಮೇಲೆ ಪ್ರಾಣ ಬಿಟ್ಟ ಟ್ರಕ್ ಡ್ರೈವರುಗಳ ಸ್ಮಾರಕಕ್ಕೆ ಈ ಹಾಡಿನ ಹೆಸರೇ ಇಟ್ಟಿದ್ದಾರೆ. ಕ್ಲೈಬಕ್ಕಾ ಆಗೋಕೆ ಹದಿನಾರು ವರ್ಷ ಮೊದಲೇ ಎದುರಿನ ಲೈಟು ಏನು ಮಾಡುತ್ತೆ ಅಂತ ಇವರು ಹಾಡಿ ಹೇಳಿದ್ರು. ಎದುರಿಂದ ಬರೋ ಗಾಡಿನೇ ನಿಮ್ಮ ದಾರಿಗೆ ಬರದ ಹಾಗೆ ಮಧ್ಯ ತಡೆ ಹಾಕಿ ಕಟ್ಟಿರೋ ಸೇತುವೆ, ಆ ಹಾಡಿಗೆ ಸರ್ಕಾರ ಕೊಟ್ಟ ಉತ್ತರ ಅಂತಾನೇ ನಾನು ಅದನ್ನ ನೋಡೋದು. ಅದಕ್ಕೇ ಅಂದೆ, ಪಾರ್ಕಿಗೋ ಲೈಬ್ರರಿಗೋ ಅಲ್ಲ, ಇದಕ್ಕೇ ಆ ಹೆಸರು ಸಲ್ಲಬೇಕು ಅಂತ.

ಹೆಸರಿಟ್ರೆ ಜನ ಕರೀತಾರಾ ಅನ್ನೋದು ಇನ್ನೊಂದು ಪ್ರಶ್ನೆ, ಅದೂ ನ್ಯಾಯವಾದದ್ದೇ. ಬೆಂಗಳೂರಲ್ಲಿ ಸಿರ್ಸಿ ಸರ್ಕಲ್ ಫ್ಲೈಓವರಿಗೆ ಬಾಲಗಂಗಾಧರನಾಥ ಸ್ವಾಮೀಜಿ ಹೆಸರಿದೆ, ಎಷ್ಟು ಆಟೋದವರು ಹಂಗಂತಾರೆ ಹೇಳಿ. ಇಲ್ಲೂ ಬ್ರಿಸ್ಬೇನ್‌ನ ಗೇಟ್‌ವೇ ಬ್ರಿಡ್ಜಿಗೆ 2010ರಲ್ಲಿ ಸರ್ ಲಿಯೋ ಹೀಲ್ಷರ್ ಅಂತ ಹಣಕಾಸು ಅಧಿಕಾರಿಯೊಬ್ಬರ ಹೆಸರಿಟ್ರು, ದೊಡ್ಡ ಕೆಲಸ ಮಾಡಿದವರೇ ಇರಬಹುದು, ಜನ ಇವತ್ತಿಗೂ ಗೇಟ್‌ವೇ ಅಂತಾರೆ. ಆದ್ರೆ ಅದೇ ವರ್ಷ, ಅದೇ ಊರಲ್ಲಿ, ಅದೇ ನದಿ ಮೇಲೆ ಇನ್ನೊಂದು ಸೇತುವೆ ಓಪನ್ ಆಯ್ತು. ಕೆಲಸ ನಡೆಯೋವಾಗ ಹೇಲ್ ಸ್ಟ್ರೀಟ್ ಲಿಂಕ್ ಅಂತಿದ್ರು, ಕೌನ್ಸಿಲ್‌ನೋರು ಜನರನ್ನ ಕೇಳಿದ್ರು, ಜನ ಅಲ್ಲೇ ಬೆಳೆದ ದ ಗೋ ಬಿಟ್ವೀನ್ಸ್ ಅನ್ನೋ ಬ್ಯಾಂಡಿನ ಹೆಸರು ಆರಿಸಿದ್ರು, ಗೋ ಬಿಟ್ವೀನ್ ಬ್ರಿಡ್ಜ್ ಆಯ್ತು, ಈಗ ಟ್ರಾಫಿಕ್ ನ್ಯೂಸಲ್ಲೂ ಅದೇ ಅಂತಾರೆ. ಹೊಸದಾಗಿ ಹುಟ್ಟಿದ್ದಕ್ಕೆ ಹುಟ್ಟುತ್ತಲೇ ಹೆಸರಿಟ್ರೆ ಅಂಟ್ಕೊಳ್ಳುತ್ತೆ, ಇಪ್ಪತ್ತೈದು ವರ್ಷ ಆದ್ಮೇಲೆ ನಾಮಕರಣ ಮಾಡಿದ್ರೆ ಆಗಲ್ಲ. ಆ ಲೆಕ್ಕದಲ್ಲಿ ಕೆಂಪ್ಸಿಗೆ 2013ರಲ್ಲಿ ಸಿಕ್ಕ ಅವಕಾಶ ಕೈತಪ್ಪಿತು. ಹೋಗ್ಲಿ, ಮ್ಯಾಕ್ಲೇ ವ್ಯಾಲಿ ಬ್ರಿಡ್ಜ್ ಅಂತ ಉದ್ದದ ಹೆಸರು ಹೇಳೋರು ಈಗಲೂ ಕಮ್ಮಿನೇ, ಹಾಗಾಗಿ ಪೂರ್ತಿ ಬಾಗಿಲು ಮುಚ್ಚಿಲ್ಲ ಅಂತ ನನ್ನ ಆಸೆ.

ಇಡೋದಾದ್ರೆ ಕರ್ಕ್‌ಪ್ಯಾಟ್ರಿಕ್ ಅಂತ ಇಡಬೇಡಿ, ಹನ್ನೊಂದು ವರ್ಷದ ಹುಡುಗ ಇಟ್ಕೊಂಡ ಹೆಸರೇ ಇಡಿ. ಅಕ್ಷರ ದೊಡ್ಡದಿರ್ಲಿ. ಸ್ಲಿಮ್ ಹಾಡಿದ ಟ್ರಂಬಿ ಅನ್ನೋ ಹಾಡಲ್ಲಿ ಒಬ್ಬ ಮೂಲನಿವಾಸಿ ದನಗಾಹಿ ಬರ್ತಾನೆ, ಕುದುರೆ ಸವಾರಿಲಿ ಅವನ ಸಮ ಯಾರೂ ಇಲ್ಲ, ಆದ್ರೆ ಓದೋಕೆ ಬರಲ್ಲ, ಯಾರೂ ಕಲಿಸಿಲ್ಲ, ಬಾಯಾರಿ ಹೊಂಡದ ನೀರು ಕುಡೀತಾನೆ, ನೀರಿಗೆ ವಿಷ ಹಾಕಿದೆ ಅನ್ನೋ ಬೋರ್ಡು ಪಕ್ಕದಲ್ಲೇ ಇರುತ್ತೆ. ಕೆಂಪ್ಸಿ ಕಡೆಯ ಮೂಲನಿವಾಸಿಗಳಾದ ಡಂಗಟ್ಟಿ ಜನರ ನೆಲದಲ್ಲಿ ಯಾವ ಬೋರ್ಡು ನಿಲ್ಲಿಸೋ ಮೊದಲೂ ಆ ಹಾಡು ಒಂದ್ಸಲ ಕೇಳಬೇಕು, ಆ ಸೇತುವೆ ಮೇಲೆ ಅವರ ಭಾಷೆಲೂ ಒಂದು ಹೆಸರು ಇರಲಿ ಅಂತ ಅವರು ಕೇಳಿದ್ರೆ ಸ್ಲಿಮ್ ಡಸ್ಟಿ ಬೇಡ ಅಂತಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಮತ್ತೆ ಜಾಯ್. ಲೈಟ್ಸ್ ಆನ್ ದ ಹಿಲ್ ಬರೆದಿದ್ದು ಸ್ಲಿಮ್ ಅಲ್ಲ, ಜಾಯ್ ಮೆಕೀನ್. 1973ರಲ್ಲಿ ಟ್ಯಾಮ್‌ವರ್ತ್ ಊರಲ್ಲಿ ಕಂಟ್ರಿ ಮ್ಯೂಸಿಕ್‌ಗೆ ಅಂತ ಗೋಲ್ಡನ್ ಗಿಟಾರ್ ಪ್ರಶಸ್ತಿ ಶುರುವಾದಾಗ ಮೊಟ್ಟಮೊದಲನೇದು ಹೋಗಿದ್ದು ಈ ಹಾಡಿಗೇ. ಟೂರಿನ ಲೆಕ್ಕಪತ್ರ, ಬುಕಿಂಗು, ಮಕ್ಕಳು, ಮ್ಯಾನೇಜ್‌ಮೆಂಟು, ಎಲ್ಲ ಅವರ ತಲೆ ಮೇಲೆ, ಅದರ ಮಧ್ಯೆ ಹಾಡೂ ಬರೀತಿದ್ರು. 2023ರ ಮೇನಲ್ಲಿ ಅವರೂ ಹೋದ್ರು. ಕಾರ್ಯಕ್ರಮ ಆದ್ಮೇಲೆ ಸ್ಟೇಜಲ್ಲಿ ಯಜಮಾನರಿಗೆ ಹಾರ, ಅಡುಗೆಮನೇಲಿ ಇಡೀ ದಿನ ನಿಂತವರಿಗೆ ವಂದನಾರ್ಪಣೆಯಲ್ಲಿ ಒಂದು ಸಾಲು, ನಮ್ಮ ಸಂಘದಲ್ಲೂ ಇದು ನಡೀತಾನೇ ಇರುತ್ತೆ, ಬೇಜಾರು ಮಾಡ್ಕೋಬೇಡಿ. ನನ್ನ ಕೈಲಿದ್ದಿದ್ರೆ ಉತ್ತರಕ್ಕೆ ಹೋಗೋರಿಗೆ ಕಾಣೋ ಬೋರ್ಡಲ್ಲಿ ಸ್ಲಿಮ್ ಡಸ್ಟಿ, ಸಿಡ್ನಿ ಕಡೆ ವಾಪಸ್ ಬರೋರಿಗೆ ಕಾಣೋ ಬೋರ್ಡಲ್ಲಿ ಜಾಯ್ ಮೆಕೀನ್ ಅಂತ ಬರೆಸ್ತಿದ್ದೆ.

ಈಸ್ಟರ್ ರಜೆಗೆ ಆ ಕಡೆ ಹೊರಟಿರೋರು ಬೈಪಾಸ್ ಬಿಟ್ಟು ಹಳೇ ರೋಡಿಗೆ ಇಳೀರಿ, ಸೌತ್ ಕೆಂಪ್ಸಿಯಲ್ಲಿ 2015ರಲ್ಲಿ ಶುರುವಾದ ಸ್ಲಿಮ್ ಡಸ್ಟಿ ಸೆಂಟರ್ ಇದೆ, ಈಗಲೂ ತೆರೆದಿದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳ್ಕೊಳ್ಳಿ. ಆಮೇಲೆ ಸೇತುವೆ. ನೂರಹತ್ತರಲ್ಲಿ ಹೋದ್ರೆ ಎರಡು ನಿಮಿಷದೊಳಗೆ ದಾಟಿಬಿಡ್ತೀರ, ಹಾಗಾಗಿ ಹಾಡನ್ನ ಸ್ವಲ್ಪ ಮುಂಚೆನೇ ಹಾಕ್ಕೊಳ್ಳಿ, ಹಿಂದಿನ ಸೀಟಿನ ಮಕ್ಕಳು ಇದೇನಪ್ಪ ಅಂತ ಮುಖ ಸಿಂಡರಿಸಿದ್ರೂ ಪರವಾಗಿಲ್ಲ. ಹೆಸರಿನ ಬಗ್ಗೆ ನಿಮ್ಮ ಅಭಿಪ್ರಾಯ ಏನಿದ್ರೂ ಬರೆದು ಕಳಿಸಿ, ಬೈದು ಬರೆದ್ರೂ ಮುಂದಿನ ಸಂಚಿಕೇಲಿ ಹಾಕ್ತೀನಿ, ಆದ್ರೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಕಳಿಸಬೇಡಿ, ಟೈಪ್ ಮಾಡಿ ಕಳಿಸಿ.