ಆ ಕೋಲು ಮುಗಿಯಿತು

ಭಾನುವಾರ ಕ್ಯೂ, ಅಂದರೆ ಸ್ನೂಕರ್ ಆಡುವ ಕೋಲು, ಕೊಟ್ಟು ಬಂದೆ. ಹೇಳಿದ್ದಕ್ಕಿಂತ ಏಳು ತಿಂಗಳು ತಡ. ಮಾಡಿಸಿಕೊಂಡವರು ಅದನ್ನು ಟೇಬಲ್ ಮೇಲೆ ಉರುಳಿಸಿದರು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು, ನಾಲ್ಕು ಬಾಲ್ ಹೊಡೆದು "ಸರಿಯಾಗಿದೆ" ಅಂದರು. ಅಷ್ಟೇ. ನಾನು ಹೊರಗೆ ಬಂದು ಸ್ಕೂಟರ್ ಮೇಲೆ ಹತ್ತು ನಿಮಿಷ ಸುಮ್ನೆ ಕೂತಿದ್ದೆ.

ಅಪಘಾತದಲ್ಲಿ ಬಲಗೈಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದೆ, ಅದರ ವಿವರ ಮತ್ತೆ ಬರೆಯುವುದಿಲ್ಲ. ಆಸ್ಪತ್ರೆ ಬಿಲ್ಲಿಗೆ ದುಡ್ಡು ಸೇರಿಸಿದ ಕ್ಲಬ್ಬಿನ ಗೆಳೆಯರು, ಅಡ್ವಾನ್ಸ್ ವಾಪಸ್ ಕೇಳದ ಗಿರಾಕಿಗಳು, ಎರಡು ತಿಂಗಳು ಊಟದ ಡಬ್ಬಿ ಕಳಿಸಿದ ಅತ್ತಿಗೆ, ಬೈದು ಬೈದು ಬೆರಳು ಬಗ್ಗಿಸಲು ಕಲಿಸಿದ ಫಿಸಿಯೋಥೆರಪಿ ಮೇಡಂ, ಎಲ್ಲರಿಗೂ ಕೈ ಮುಗಿಯುತ್ತೇನೆ. ಈಗ ಎರಡೂ ಕೈ ಸೇರಿಸಿ ಮುಗಿಯಬಹುದು. ಜಾರ್ಜ್ ಬಲಬುಷ್ಕಾ ಬ್ಯಾಂಡ್ ಸಾಗೆ ಬೆರಳು ಕಳೆದುಕೊಂಡಿದ್ದ ಕಥೆ ಕಳಿಸಿದ ಗೆಳೆಯನಿಗೂ ಥ್ಯಾಂಕ್ಸ್. ರಷ್ಯಾದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಪೂಲ್ ಕ್ಯೂ ಮಾಡಿ, 1975ರಲ್ಲಿ ತೀರಿಕೊಂಡ ಮನುಷ್ಯ. ಅವರ ಕ್ಯೂಗಳನ್ನು ಜನ ಇವತ್ತಿಗೂ ಹುಡುಕಿ ಕೊಳ್ಳುತ್ತಾರೆ. ಆ ಕಥೆಯನ್ನು ಎಷ್ಟು ಸಲ ಓದಿದೆನೋ! ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳುತ್ತೇನೆ.

ಇನ್ನು ಪಕ್ಕದ ಶೆಡ್ಡಿನ ಆಚಾರ್ರು.

ಕಾಮಾಕ್ಷಿಪಾಳ್ಯದಲ್ಲಿ ನಮ್ಮಿಬ್ಬರ ಶೆಡ್ಡಿಗೂ ನಡುವೆ ಒಂದೇ ಗೋಡೆ. ಅವರು ಬಾಗಿಲು, ಮಂಚ, ದೇವರ ಮಂಟಪ ಮಾಡುವವರು. ಸ್ನೂಕರ್ ಟೇಬಲ್ ಕಂಡವರೇ ಅಲ್ಲ. ಸ್ನೂಕರ್ ಚಾಂಪಿಯನ್ ಪಂಕಜ್ ಅಡ್ವಾಣಿ ನಮ್ಮ ಬೆಂಗಳೂರಿನವರೇ ಅಂದರೆ "ಯಾವ ಪಾರ್ಟಿ?" ಎಂದು ಕೇಳಿದ್ದರು. ಕ್ಯೂ ಅವರ ಬಾಯಲ್ಲಿ ಕೋಲು.

ಅಪಘಾತವಾದ ದಿನ ಆ ಕೋಲು ಅರ್ಧಕ್ಕೆ ನಿಂತಿತ್ತು. ಕೈಯಲ್ಲಿ ಸ್ಪ್ಲೈಸ್ ಮಾಡುವಾಗ, ಅಂದರೆ ಎರಡು ಬಗೆಯ ಮರ ಬೆಸೆಯುವಾಗ, ಆಶ್ ಮರದ ದಪ್ಪ ತುದಿಯನ್ನು ನಾಲ್ಕೂ ಕಡೆ ಇಳಿಜಾರಾಗಿ ಹತ್ತರಿ ಹಿಡಿದು ಚಪ್ಪಟೆ ಮಾಡಬೇಕು. ಮೊದಲು ಎದುರುಬದುರಿನ ಎರಡು ಮುಖಕ್ಕೆ ಬೀಟೆಯ ಪಟ್ಟಿ ಅಂಟಿಸಿ, ಅದು ಗಟ್ಟಿಯಾದ ಮೇಲೆ ಉಳಿದ ಎರಡಕ್ಕೆ. ಆಮೇಲೆ ಗುಂಡಗೆ ಹೆರೆಯುತ್ತಾ ಹೋದರೆ ಬಿಳಿ ಮರದ ಮೇಲೆ ನಾಲ್ಕು ಕಪ್ಪು ಕಮಾನುಗಳು ಏಳುತ್ತವೆ. ಅವನ್ನು ಯಾರೂ ಗೆರೆ ಹಾಕಿ ಕೊರೆಯುವುದಿಲ್ಲ, ಇಳಿಜಾರಿನಿಂದ ತಾವೇ ಬರುತ್ತವೆ. ಇಳಿಜಾರು ಕೂದಲೆಳೆಯಷ್ಟು ತಪ್ಪಿದರೂ ಒಂದು ಮೇಲೆ, ಒಂದು ಕೆಳಗೆ. ನನ್ನದು ಎರಡು ಮುಖ ಆಗಿತ್ತು, ಎರಡು ಬಾಕಿ ಇತ್ತು.

ಮಗು ಚಿಕ್ಕದು, ಹೆಂಡತಿ ಮನೆಯಲ್ಲಿರಬೇಕಿತ್ತು. ರಾತ್ರಿ ವಾರ್ಡಿನಲ್ಲಿ ಉಳಿದವರು ಆಚಾರ್ರು. ಸ್ಟೂಲ್ ಮೇಲೆ ಕೂತು, ಟವೆಲ್ ಹೊದ್ದು, ಒಂದು ಮಾತೂ ಇಲ್ಲ. ಮೂರು ಗಂಟೆ ಸುಮಾರಿಗೆ ನಾನು ಅತ್ತೆ. ನೋವಿಗಲ್ಲ. "ಇನ್ನು ಹತ್ತರಿ ಹಿಡಿಯೋಕಾಗುತ್ತಾ ಆಚಾರ್ರೇ?" ಎಂದು ಮತ್ತೆ ಮತ್ತೆ ಕೇಳಿದೆ. ಲೇತ್ ಮಾರಿಬಿಡಿ ಅಂದೆ. ಇನ್ನೂ ಏನೇನೋ ಅಂದೆ, ಅದು ಅವರಿಗೆ ಮಾತ್ರ ಗೊತ್ತಿರಲಿ.

ಬೇರೆ ಯಾರಾದರೂ ಆಗಿದ್ದರೆ "ಎಲ್ಲ ಸರಿಹೋಗುತ್ತೆ" ಅನ್ನುತ್ತಿದ್ದರು. ಆಗ ನನಗೆ ಸಿಟ್ಟು ಬರುತ್ತಿತ್ತು. ಅವರು, "ನಂಗೊತ್ತಿಲ್ಲ ಕಣಪ್ಪ. ಬೆಳಗ್ಗೆ ಡಾಕ್ಟ್ರನ್ನ ಕೇಳೋಣ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಕೋಲಿಗೆ ಯಾವ ಅಂಟು? ಫೆವಿಕಾಲಾ?"

"ಅಲ್ಲ, ಅರಾಲ್ಡೈಟ್."

"ಬೀಟೇಲಿ ಎಣ್ಣೆ ಜಾಸ್ತಿ ಅಲ್ವಾ, ಹಿಡಿಯುತ್ತಾ?"

"ಮುಂಚೆ ಸ್ಪಿರಿಟ್‌ನಲ್ಲಿ ಒರೆಸಬೇಕು. ಬಟ್ಟೆ ಕಪ್ಪಾಗೋದು ನಿಲ್ಲೋವರೆಗೆ."

ಹೀಗೇ ಬೆಳಗಾಯಿತು. ಕ್ಲಾಂಪ್ ಎಷ್ಟು ಬಿಗಿ, ಎಷ್ಟು ಗಂಟೆ, ಅಂಟು ಹಚ್ಚಿದ ಮೇಲೆ ಪಟ್ಟಿ ಜಾರಿದರೆ ಏನು ಮಾಡಬೇಕು, ಎಲ್ಲ ಕೇಳಿದರು. ಹೇಳುತ್ತಾ ಹೇಳುತ್ತಾ ನನ್ನ ಅಳು ಯಾವಾಗ ನಿಂತಿತೋ ಗೊತ್ತಿಲ್ಲ. ನನ್ನನ್ನು ಮಾತಿಗೆ ಹಚ್ಚಲು ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ಅಲ್ಲ. ಆ ವಾರವೇ ಒಂದು ಮಂಚದ ಕೆಲಸ ಪಕ್ಕಕ್ಕಿಟ್ಟು ಉಳಿದ ಎರಡು ಮುಖ ಅಂಟಿಸಿದ್ದರು.

ಗುಂಡಗೆ ಹೆರೆದಿದ್ದು ನಾನೇ, ಆರು ತಿಂಗಳ ಮೇಲೆ. ಎಡಗೈ ತಳ್ಳುತ್ತಿತ್ತು, ಬಲಗೈ ದಾರಿ ತೋರಿಸುತ್ತಿತ್ತು. ಕಮಾನುಗಳು ಒಂದೊಂದಾಗಿ ಎದ್ದವು. ಅವರು ಅಂಟಿಸಿದ್ದರಲ್ಲಿ ಒಂದು, ಉಳಿದ ಮೂರಕ್ಕಿಂತ ಎರಡು ಮಿಲಿಮೀಟರ್ ಕೆಳಗೆ. ಇಳಿಜಾರು ತಪ್ಪಿಸಿದವನು ನಾನೇ, ಅಪಘಾತಕ್ಕೆ ಮುಂಚೆ. ಹಾಗೆಂದು ಎಷ್ಟು ಸಲ ಹೇಳಿದರೂ ಆಚಾರ್ರು ಒಪ್ಪುವುದಿಲ್ಲ. ಬಿಚ್ಚಿ ಮತ್ತೆ ಅಂಟಿಸೋಣ ಅಂತ ಹಟ ಹಿಡಿದಿದ್ದರು. ಆ ಅಂಟು ಬಿಚ್ಚುವಂಥದ್ದಲ್ಲವಲ್ಲ!

ಭಾನುವಾರ ವಾಪಸ್ ಬಂದಾಗ ಅವರು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು.

"ಅದನ್ನ ನೋಡಿದ್ರಾ ಅವ್ರು?"

"ನಾನೇ ತೋರಿಸಿದೆ."

"ಏನಂದ್ರು?"

"ಸರಿಯಾಗಿದೆ ಅಂದ್ರು."

ಅವರು ನಂಬಲಿಲ್ಲ. "ಮುಂದಿನ ಕೋಲಿಗೆ ಇಳಿಜಾರು ನಾನೇ ಹಿಡೀತೀನಿ, ನೀನು ಅಂಟು ಹಚ್ಚು" ಅಂತ ಹೇಳಿ ಒಳಗೆ ಹೋದರು. ಹೊಸ ಆಶ್ ತುಂಡು ಈಗ ಅವರ ಗೋಡೆಗೆ ಒರಗಿದೆ. ಸೋಮವಾರ ಶುರು.