ಕಣ್ಣಿನ ಇಂಜೆಕ್ಷನ್ ಕ್ಲೇಮ್ ತಿರಸ್ಕರಿಸಿದ ಬಗ್ಗೆ ವಿಮಾ ಕಂಪನಿಗೆ ದೂರು

ಇವರಿಗೆ,
ಕುಂದುಕೊರತೆ ನಿವಾರಣಾ ಅಧಿಕಾರಿಗಳು,
ಆರೋಗ್ಯ ವಿಮಾ ವಿಭಾಗ

ಮಾನ್ಯರೇ,

ನನ್ನ ಪತಿಯ ಎಡಗಣ್ಣಿಗೆ ಕೊಡಿಸಿದ ಇಂಜೆಕ್ಷನ್ನಿನ ಕ್ಲೇಮನ್ನು "24 ಗಂಟೆ ಒಳರೋಗಿಯಾಗಿ ದಾಖಲಾಗಿಲ್ಲ" ಎಂಬ ಒಂದೇ ಸಾಲು ಬರೆದು ನಿಮ್ಮ ಕಂಪನಿ ತಳ್ಳಿಹಾಕಿದೆ. ಇದು ತಪ್ಪು ನಿರ್ಧಾರ. ಇದನ್ನು ಹಿಂಪಡೆದು 22,400 ರೂಪಾಯಿ ಪಾವತಿಸಬೇಕೆಂದು ಒತ್ತಾಯಿಸುತ್ತೇನೆ.

ಅವರು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಕಳೆದ ಮಳೆಗಾಲದಲ್ಲಿ ಖಾತೆ ಪುಸ್ತಕದ ನೆಟ್ಟಗಿನ ಗೆರೆಗಳು ನಡುವೆ ಡೊಂಕಾಗಿ ಕಾಣತೊಡಗಿದವು. 3 ಯಾವುದು, 8 ಯಾವುದು ಎಂದು ಪಕ್ಕದವರನ್ನು ಕೇಳುವ ಹಾಗಾಯಿತು. ಕಣ್ಣಿನ ಹಿಂಪರದೆಯಾದ ರೆಟಿನಾದ ನಡುಭಾಗದಲ್ಲಿ ರಕ್ತನಾಳಗಳು ಸೋರಿ ಊತ ಬಂದಿದೆ, ತಡಮಾಡಿದರೆ ಹೋದ ದೃಷ್ಟಿ ಮರಳದಿರಬಹುದು ಎಂದು ಸ್ಕ್ಯಾನ್ ನೋಡಿದ ವೈದ್ಯರು ಹೇಳಿದರು. ಇದಕ್ಕೆ ಕಣ್ಣಿನೊಳಗೇ ಔಷಧಿ ಚುಚ್ಚಬೇಕು, ಆರಂಭದಲ್ಲಿ ತಿಂಗಳಿಗೊಮ್ಮೆ.

ಮರಗಟ್ಟಿಸುವ ಹನಿ ಹಾಕಿ, ಆಪರೇಷನ್ ಥಿಯೇಟರಿನಲ್ಲಿ ಕಣ್ಣನ್ನು ಶುಚಿಗೊಳಿಸಿ, ಬಿಳಿಗುಡ್ಡೆಯ ಮೂಲಕ ಸೂಜಿ ಇಳಿಸುತ್ತಾರೆ. ಚುಚ್ಚುವುದು ಕೆಲವೇ ಕ್ಷಣ. ಸ್ವಲ್ಪ ಹೊತ್ತು ಕೂರಿಸಿಕೊಂಡು ಮನೆಗೆ ಕಳಿಸುತ್ತಾರೆ. ರಾತ್ರಿ ಉಳಿಯುವ ಅಗತ್ಯವೇ ಇಲ್ಲದ ಚಿಕಿತ್ಸೆಗೆ 24 ಗಂಟೆಯ ಷರತ್ತು ಹಾಕಿದರೆ, ನಿಮ್ಮ ಯಾವ ಗ್ರಾಹಕನಿಗೂ ಇದರ ಹಣ ಸಿಗುವುದು ಸಾಧ್ಯವಿಲ್ಲ.

ಪಾಲಿಸಿಗಳು ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರ ಮಾರ್ಗಸೂಚಿಯಲ್ಲಿ ಹೆಸರಿಸಿದೆ. ಆ ಪಟ್ಟಿಯಲ್ಲಿ ಇಂಟ್ರಾವಿಟ್ರಿಯಲ್ ಇಂಜೆಕ್ಷನ್, ಅಂದರೆ ಕಣ್ಣಿನೊಳಗೆ ಕೊಡುವ ಇದೇ ಇಂಜೆಕ್ಷನ್ ಇದೆ. ನೀವು ಕೊಟ್ಟ ಪಾಲಿಸಿ ಪುಸ್ತಿಕೆಯಲ್ಲೂ ಅದೇ ಹೆಸರಿದೆ, "ಒಳರೋಗಿಯಾಗಿ ಅಥವಾ ಡೇ ಕೇರ್ ಚಿಕಿತ್ಸೆಯಾಗಿ" ಎಂದೇ ಅಚ್ಚಾಗಿದೆ. ಡೇ ಕೇರ್ ಎಂದರೆ ಅದೇ ದಿನ ಮನೆಗೆ ಕಳಿಸುವ ಚಿಕಿತ್ಸೆ. ಜೊತೆಗೆ ವರ್ಷಕ್ಕೆ 50,000 ರೂಪಾಯಿಯ ಮಿತಿ. ಆ ಮಿತಿಗೆ ನನ್ನ ತಕರಾರಿಲ್ಲ. ಕೊಡುವ ಉದ್ದೇಶವೇ ಇಲ್ಲದಿದ್ದರೆ ಮಿತಿಯನ್ನು ಬರೆದದ್ದಾದರೂ ಏಕೆ?

ನಾವು ಏನನ್ನೂ ಮುಚ್ಚಿಟ್ಟವರಲ್ಲ. 2018ರಲ್ಲಿ ಪಾಲಿಸಿ ಮಾಡಿಸುವಾಗಲೇ ಮಧುಮೇಹವಿದೆ ಎಂದು ಅರ್ಜಿಯಲ್ಲಿ ಬರೆದಿದ್ದೆವು. ಅದಕ್ಕಾಗಿ ನೀವು ಹೆಚ್ಚು ಪ್ರೀಮಿಯಂ ವಿಧಿಸಿದಿರಿ, ಕಟ್ಟಿದೆವು. ಮೊದಲೇ ಇದ್ದ ಈ ಕಾಯಿಲೆಗೆ ವಿಮೆ ಸಿಗಲು ನಾಲ್ಕು ವರ್ಷ ಕಾಯಬೇಕು ಎಂದಿರಿ, ಕಾದೆವು. ಆ ಅವಧಿ 2022ರಲ್ಲೇ ಮುಗಿದಿದೆ. ಇನ್ಸುಲಿನ್, ಸಕ್ಕರೆ ನೋಡುವ ಸ್ಟ್ರಿಪ್, ಮೂರು ತಿಂಗಳಿಗೊಮ್ಮೆ ಸರಾಸರಿ ಸಕ್ಕರೆ ಮಟ್ಟ ತಿಳಿಯಲು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ, ಪಾದದ ಉರಿಗೆ ಮಾತ್ರೆ, ಇವೆಲ್ಲ ಇಂದಿಗೂ ನಮ್ಮ ಕೈಯಿಂದಲೇ. ಇವು ಪಾಲಿಸಿಗೆ ಸೇರುವುದಿಲ್ಲವೆಂದು ತಿಳಿದು ಒಂದು ಪೈಸೆಯನ್ನೂ ನಿಮ್ಮಿಂದ ಕೇಳಿಲ್ಲ. ಸೇರುತ್ತದೆಂದು ನೀವೇ ಬರೆದುಕೊಟ್ಟದ್ದನ್ನಷ್ಟೇ ಕೇಳುತ್ತಿದ್ದೇನೆ.

ಮೊದಲ ಇಂಜೆಕ್ಷನ್ನಿಗೆ ಮಂಡಿಯಲ್ಲಿ ಸಂಬಳದ ಮೇಲೆ ಮುಂಗಡ ತೆಗೆದುಕೊಂಡೆವು. ಆ ಸಾಲ ತೀರದೆ ಎರಡನೆಯದು ನಿಂತುಹೋಗಿದೆ. ನಿಮ್ಮ ಸಹಾಯವಾಣಿಯವರು ಪ್ರತಿ ಸಲವೂ "ಪರಿಶೀಲನೆಯಲ್ಲಿದೆ" ಎನ್ನುತ್ತಾರೆ. ಅಷ್ಟರಲ್ಲಿ ಕೆಡುತ್ತಿರುವುದು ಒಬ್ಬ ಮನುಷ್ಯನ ಕಣ್ಣು, ಅವನ ಅನ್ನದ ದಾರಿ.

ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸಬಾರದು, ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ತಿಳಿಸಬೇಕು ಎಂದು ಐಆರ್‌ಡಿಎಐಯ 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ನಿಮ್ಮ ಪತ್ರದಲ್ಲಿ ಎರಡೂ ಇಲ್ಲ. ಸಮಿತಿ ಒಪ್ಪಿದ್ದರೆ ಅದರ ಪ್ರತಿ ಕಳಿಸಿ.

ಹಣ ಪಾವತಿಯ ಜೊತೆಗೆ ಎರಡನೇ ಇಂಜೆಕ್ಷನ್ನಿಗೆ ನಗದುರಹಿತ ಅನುಮತಿ ಕೊಡಿ, ಅಂದರೆ ಆಸ್ಪತ್ರೆಗೆ ನೀವೇ ನೇರವಾಗಿ ಹಣ ಕಟ್ಟಿ. ಎರಡೂ ಸೇರಿ ನಿಮ್ಮ ಮಿತಿಯೊಳಗೇ ಇವೆ. ಒಂದು ತಿಂಗಳೊಳಗೆ ಸರಿಯಾದ ಉತ್ತರ ಬಾರದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ವಿಮಾ ಕಂಪನಿಗಳ ಮೇಲಿನ ದೂರು ಆಲಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸುತ್ತೇನೆ. ಸ್ಕ್ಯಾನ್ ವರದಿ, ಬಿಲ್, ಡಿಸ್ಚಾರ್ಜ್ ಪತ್ರ ಹಾಗೂ 2018ರ ಅರ್ಜಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ಪಾಲಿಸಿದಾರರ ಪತ್ನಿ, ಶಿವಮೊಗ್ಗ